ಯಶೋಧರನು ಕಾಣದ ಕನಸು: ಜನ್ನನ ಕಾವ್ಯದಲ್ಲಿ ನಿದ್ದೆಗೆಟ್ಟ ಒಂದು ರಾತ್ರಿ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಮಂಟಪದ ಬಳಿ ನಿಂತಿರುವ, ನುಣುಪಾಗಿ ಉಜ್ಜಿದ ದೊಡ್ಡ ಶಾಸನಶಿಲೆಯ ಪದ್ಯಗಳನ್ನು ರಚಿಸಿದವನು ಜನ್ನ. ಜೈನ ಕವಿಯೊಬ್ಬನು ಶಿವಾಲಯದ ಶಾಸನಕ್ಕೆ ಪದ್ಯ ಬರೆದುಕೊಟ್ಟದ್ದು ಆ ಕಾಲಕ್ಕೆ ವಿಶೇಷವಲ್ಲ. ನಮಗೆ ಈಗ ವಿಶೇಷವೆನಿಸುತ್ತದೆ, ಅಷ್ಟೆ. ಅಜ್ಜಂಪುರವು ಬೇರೆ ತಾಲ್ಲೂಕಾಗುವ ಮುನ್ನ ಶಿವನಿ ಹೋಬಳಿಯೂ ತರೀಕೆರೆಗೇ ಸೇರಿತ್ತು. ಆದ್ದರಿಂದ ಶಿವನಿಯ ಕಡೆಯ ವಿದ್ಯಾರ್ಥಿಗಳಿಗೆ ಜನ್ನನನ್ನು ಪರಿಚಯಿಸುವಾಗ ನಾನು ಈ ಕಲ್ಲಿನಿಂದಲೇ ತೊಡಗುತ್ತೇನೆ. ಪಠ್ಯದ ಕವಿ ತಮ್ಮ ಸೀಮೆಯಲ್ಲಿ ಅಕ್ಷರ ಬಿಟ್ಟುಹೋದವನು ಎಂದು ತಿಳಿದೊಡನೆ ಅವರ ಕಿವಿ ನೆಟ್ಟಗಾಗುತ್ತದೆ.

ಈ ಶಾಸನದ ತರುವಾಯ, 1209ರಲ್ಲಿ, ಜನ್ನನು ‘ಯಶೋಧರ ಚರಿತೆ’ಯನ್ನು ಮುಗಿಸಿದನು. ನಾಲ್ಕು ಅವತಾರಗಳ, ಬಹುಪಾಲು ಕಂದಪದ್ಯಗಳಿಂದಲೇ ಕಟ್ಟಿದ ಕಿರುಗಾತ್ರದ ಕಾವ್ಯವಿದು. ಇದನ್ನು ಹಿಂಸೆ-ಅಹಿಂಸೆಗಳ ಕಾವ್ಯವೆಂದೂ ಕಾಮದ ಕಾವ್ಯವೆಂದೂ ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ಇದು ನಿದ್ದೆಗೆಟ್ಟವರ ಕಾವ್ಯವೂ ಹೌದೆಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ.

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯು ನಿದ್ದೆಗೆ ಶತ್ರು ಸದ್ದಲ್ಲ, ಚಿಂತೆ ಎಂದು ತೀರ್ಪು ಕೊಟ್ಟುಬಿಟ್ಟಿದೆ. ಜೈನಶಾಸ್ತ್ರದ ವಿಂಗಡಣೆ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ನಿದ್ರೆಯೇ ಒಂದು ಆವರಣ. ದರ್ಶನಾವರಣೀಯ ಕರ್ಮದ ಒಂಬತ್ತು ಪ್ರಭೇದಗಳಲ್ಲಿ ಐದು ನಿದ್ರೆಗೆ ಸಂಬಂಧಿಸಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಕೊನೆಯದು ನಿದ್ದೆಯಲ್ಲಿಯೇ ಎದ್ದು ಕೆಲಸ ಮಾಡಿ ಮರೆತುಬಿಡುವ ಸ್ಥಿತಿ. ಇಂದಿನ ವೈದ್ಯರು ನಿದ್ರಾನಡಿಗೆ ಎನ್ನುವುದು ಬಹುಮಟ್ಟಿಗೆ ಇದನ್ನೇ. ಆದರೆ ಈ ಪಟ್ಟಿಯಲ್ಲಿ ನಿದ್ರಾಹೀನತೆಗೆ ಸ್ಥಾನವಿಲ್ಲ. ಅದನ್ನು ಬೇರೊಂದು ಕಡೆ, ಧ್ಯಾನದ ಪ್ರಕರಣದಲ್ಲಿ, ಹುಡುಕಬೇಕು.

ಧ್ಯಾನವೆಂದರೆ ಶಾಂತಿಯೆಂದೇ ಭಾವಿಸುವ ಇಂದಿನ ಓದುಗರಿಗೆ ಇದು ಅಚ್ಚರಿಯಾದೀತು. ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ಒಡೆಯುತ್ತದೆ. ಒಲ್ಲದ್ದು ಎದುರಾದಾಗ ಅದು ತೊಲಗಲೆಂದು, ಬೇಕಾದದ್ದು ಅಗಲಿದಾಗ ಅದು ಮರಳಿ ಬರಲೆಂದು, ನೋವಾದಾಗ ನೋವನ್ನೇ ಕುರಿತು, ಮುಂದೆ ಭೋಗ ದೊರೆಯಲೆಂದು ಮನಸ್ಸು ಮತ್ತೆ ಮತ್ತೆ ಸುತ್ತುವುದು ಆರ್ತಧ್ಯಾನ. ನಡುರಾತ್ರಿಯಲ್ಲಿ ಮಾಡು ನೋಡುತ್ತ ಮಲಗಿದವನ ತಲೆಯಲ್ಲಿ ತಿರುಗುವುದೆಲ್ಲ ಈ ನಾಲ್ಕರಲ್ಲೇ ಅಡಕವಾಗುತ್ತದೆ. ಸಾಲ, ಮಗಳ ಮದುವೆ, ಮಂಡಿನೋವು, ಕೈತಪ್ಪಿದ ಬಡ್ತಿ ಯಾವುದೂ ಹೊರಗುಳಿಯದು. ಅಂಥವನಿಗೆ ಏಕಾಗ್ರತೆ ಇಲ್ಲವೆಂದಲ್ಲ. ಇರುವ ಏಕಾಗ್ರತೆಯು ಹುಣ್ಣಿನ ಮೇಲೆಯೇ ನೆಟ್ಟಿದೆ ಎಂಬುದು ಶಾಸ್ತ್ರಕಾರರ ನಿದಾನ. ಆರ್ತಧ್ಯಾನದ ಫಲ ತಿರ್ಯಂಚಗತಿ, ಅಂದರೆ ಪ್ರಾಣಿಜನ್ಮ, ಎಂದೂ ಪರಂಪರೆ ಹೇಳುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟು ಜನ್ನನ ಕಾವ್ಯಕ್ಕೆ ಮರಳೋಣ.

ಉಜ್ಜಯಿನಿಯ ಅರಮನೆ. ಬೆಳಗಿನ ಜಾವದಲ್ಲಿ ಆನೆಲಾಯದ ಮಾವುತ ಅಷ್ಟಾವಂಕನು ತನ್ನಷ್ಟಕ್ಕೆ ಹಾಡುತ್ತಾನೆ. ಗಂಡನ ಪಕ್ಕದಲ್ಲಿ ಮಲಗಿದ್ದ ರಾಣಿ ಅಮೃತಮತಿಗೆ ಎಚ್ಚರವಾಗುತ್ತದೆ. ಕಾಣದವನಿಗೆ ಮನಸ್ಸು ಸಲ್ಲುತ್ತದೆ. ಅವನ ಕುರೂಪವನ್ನು ದೂತಿ ಬಣ್ಣಿಸಿದರೂ ಆ ಮನಸ್ಸು ಹಿಂದಿರುಗುವುದಿಲ್ಲ. ಮುಂದೊಂದು ರಾತ್ರಿ ಯಶೋಧರನು ನಿದ್ದೆಹೋದವನಂತೆ ನಟಿಸಿ, ಎದ್ದುಹೋದ ಅವಳನ್ನು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನೂ ಅವಳು ಅದನ್ನು ಸಹಿಸಿಕೊಳ್ಳುವುದನ್ನೂ ಕಾಣುತ್ತಾನೆ. ಇಬ್ಬರನ್ನೂ ಕೊಲ್ಲಲು ಕತ್ತಿಯೆತ್ತಿದವನು ತಡೆದುಕೊಂಡು, ಹಿಂದಿರುಗಿ ಹಾಸಿಗೆಗೆ ಒರಗುತ್ತಾನೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಪಕ್ಕದಲ್ಲಿ ಮಲಗುತ್ತಾಳೆ.

ಎತ್ತಿದ ಕತ್ತಿಯನ್ನು ತಡೆದದ್ದನ್ನು ಎಲ್ಲರೂ ಹೊಗಳುತ್ತಾರೆ. ಹೊಗಳತಕ್ಕದ್ದೇ. ಆದರೆ ಕೈ ತಡೆದಷ್ಟು ಸುಲಭವಾಗಿ ಮನಸ್ಸು ತಡೆಯುವುದಿಲ್ಲ ಎಂಬುದನ್ನು ಮರುದಿನದ ಬೆಳಗು ತೋರಿಸುತ್ತದೆ. ಮಗನ ಕಂದಿದ ಮುಖವನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ನಿಜವನ್ನು ಹೇಳಲಾರದೆ ಅವನು ಕೆಟ್ಟ ಕನಸು ಕಂಡೆನೆಂದು ಕಟ್ಟಿ ಹೇಳುತ್ತಾನೆ.

ಇಡೀ ಕಾವ್ಯದ ಕೀಲು ಇರುವುದು ಇಲ್ಲಿಯೇ ಎಂಬುದು ನನ್ನ ಓದು. ರಾತ್ರಿಯಿಡೀ ಕಣ್ಣು ಮುಚ್ಚದವನು ತಾನು ಕನಸು ಕಂಡೆನೆನ್ನುತ್ತಾನೆ. ನಿದ್ದೆಗೆಟ್ಟವರು ತಮ್ಮ ಬಾಧೆಯನ್ನು ನೇರವಾಗಿ ಹೇಳಿಕೊಳ್ಳುವುದು ಅಪರೂಪ. ತಲೆನೋವು ಎನ್ನುತ್ತಾರೆ, ಪಿತ್ತ ಎನ್ನುತ್ತಾರೆ. ಅರಸನಾದುದರಿಂದ ಇವನಿಗೆ ಕನಸು ಒದಗಿತು. ಇಲ್ಲದ ಕನಸಿಗೆ ತಾಯಿ ಇರುವ ಪರಿಹಾರವನ್ನೇ ಸೂಚಿಸುತ್ತಾಳೆ: ಚಂಡಮಾರಿಗೆ ಬಲಿ. ಅವನು ಜೀವಬಲಿಗೆ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಂದವಾಗುತ್ತದೆ. ಕಡಿಯುವಾಗ ಆ ಕೋಳಿ ಕೂಗಿಬಿಡುತ್ತದೆ. ಆಮೇಲೆ ಅವನು ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ಹೊರಡಲಿರುವಾಗ ಅಮೃತಮತಿ ತಾಯಿಮಕ್ಕಳಿಬ್ಬರಿಗೂ ವಿಷವಿಕ್ಕುತ್ತಾಳೆ. ಅವರು ನವಿಲು-ನಾಯಿಗಳಾಗಿ ಹುಟ್ಟುವುದರಿಂದ ಮೊದಲುಗೊಂಡು ಕೋಳಿಗಳಾಗುವವರೆಗೆ ತಿರ್ಯಂಚಜನ್ಮಗಳಲ್ಲಿ ತೊಳಲುತ್ತಾರೆ.

ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬುದಕ್ಕೆ ಹಿಟ್ಟಿನ ಕೋಳಿ ದೃಷ್ಟಾಂತವೆಂಬುದು ಸರ್ವಸಮ್ಮತ. ಆದರೆ ಆ ಸಂಕಲ್ಪದ ಬೇರು ದೇವಿಯ ಗುಡಿಯಲ್ಲಿಲ್ಲ. ಹೇಳದೆ ಒಳಗೇ ಇಟ್ಟುಕೊಂಡ ಆ ರಾತ್ರಿಯಲ್ಲಿದೆ. ಆರ್ತಧ್ಯಾನಕ್ಕೆ ಪ್ರಾಣಿಜನ್ಮದ ಫಲವನ್ನು ಹೇಳಿದ ಪರಂಪರೆಯಲ್ಲಿ ಬೆಳೆದ ಕವಿಗೆ ಈ ನಂಟು ತಿಳಿಯದಿರಲು ಸಾಧ್ಯವಿಲ್ಲ. ಈ ಕಥೆ ಜನ್ನನದೇ ಅಲ್ಲ; ಸೋಮದೇವನ ‘ಯಶಸ್ತಿಲಕ’ (959), ವಾದಿರಾಜನ ಸಂಸ್ಕೃತ ಕಾವ್ಯ ಇವನಿಗಿಂತ ಹಿಂದಿನವು. ಕನ್ನಡದಲ್ಲಿ ಆ ರಾತ್ರಿಯನ್ನು ಇಷ್ಟು ಹತ್ತಿರದಿಂದ ಕೇಳಿಸಿದವನು ಮಾತ್ರ ಜನ್ನ.

ಇದರ ಪಕ್ಕದಲ್ಲಿ ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯನ್ನು ಇಟ್ಟು ನೋಡಬೇಕು. ಅದೂ ಉಜ್ಜಯಿನಿಯೇ; ಅಲ್ಲಿಯೂ ಸುಖದ ಹಾಸಿಗೆ, ಅಲ್ಲಿಯೂ ರಾತ್ರಿಯಲ್ಲಿ ತೇಲಿಬರುವ ದನಿ. ಋಷಿಯನ್ನು ಕಂಡರೆ ಮಗ ತಪಸ್ಸಿಗೆ ಹೊರಟಾನೆಂದು ಹೆದರಿದ ತಾಯಿ ಋಷಿಗಳನ್ನು ಮನೆಯೊಳಗೆ ಬಿಡುವುದಿಲ್ಲ. ಕಣ್ಣಿಗೆ ಕಾವಲಿಟ್ಟವಳು ಕಿವಿಯನ್ನು ಮರೆತಳು. ಹತ್ತಿರದಲ್ಲಿ ತಂಗಿದ್ದ ಮುನಿಯ ಪಾಠ ಕಿವಿಗೆ ಬಿದ್ದು ಸುಕುಮಾರನಿಗೆ ಹಿಂದಿನ ಜನ್ಮದ ಸ್ಮರಣೆಯಾಗುತ್ತದೆ. ಆಯುಷ್ಯ ಮೂರೇ ದಿನವೆಂದು ತಿಳಿದು ಅವನು ಉಪ್ಪರಿಗೆಯಿಂದ ಇಳಿದುಹೋಗುತ್ತಾನೆ. ದನಿ ಕೇಳಿ ಎಚ್ಚೆತ್ತವರು ಇಬ್ಬರೂ ಹೌದು, ಅಮೃತಮತಿಯೂ ಸುಕುಮಾರನೂ. ಒಂದು ಎಚ್ಚರ ಆರ್ತಕ್ಕೆ ತಿರುಗಿತು, ಇನ್ನೊಂದು ಧರ್ಮ್ಯಕ್ಕೆ. ರಾತ್ರಿಯ ಎಚ್ಚರವನ್ನು ಇಡಿಯಾಗಿ ರೋಗವೆಂದು ಜೈನಕವಿಗಳು ಬಗೆಯಲಿಲ್ಲ.

ಸುಕುಮಾರನ ಎದೆಗಾರಿಕೆಯಿಲ್ಲದ ಸಾಮಾನ್ಯರಿಗೆ ಪರಂಪರೆ ಕೊಟ್ಟದ್ದೇನು? ದಿನದ ಲೆಕ್ಕವನ್ನು ದಿನವೇ ತೀರಿಸುವ ಪ್ರತಿಕ್ರಮಣ. ಇದರಲ್ಲಿ ಬರುವ ಕಾಯೋತ್ಸರ್ಗವನ್ನು ಉಸಿರುಗಳಿಂದ ಅಳೆಯುತ್ತಾರೆ. ದಿನದ ಪ್ರತಿಕ್ರಮಣಕ್ಕೆ 108 ಉಚ್ಛ್ವಾಸ, ರಾತ್ರಿಯದಕ್ಕೆ ಅದರ ಅರ್ಧ, 54. ಪಂಚನಮಸ್ಕಾರವನ್ನು ಒಂದು ಬಾರಿ ಹೇಳಲು ಮೂರು ಉಸಿರು. ಒಂಬತ್ತು ಬಾರಿಗೆ 27. ಮನಸ್ಸನ್ನು ನಿಲ್ಲಿಸೆಂದು ಅಪ್ಪಣೆ ಮಾಡುವುದಕ್ಕಿಂತ ಅದಕ್ಕೆ ಎಣಿಸುವ ಕೆಲಸ ಕೊಡುವುದು ಮೇಲೆಂದು ಕಂಡುಕೊಂಡವರ ವ್ಯವಸ್ಥೆಯಿದು. ಅದೇ ಕಾರಣಕ್ಕೆ ಹನ್ನೆರಡು ಅನುಪ್ರೇಕ್ಷೆಗಳೂ ಬಂದವು. ಸುತ್ತುವ ಮನಸ್ಸು ಸುತ್ತಲಿ, ಆದರೆ ಅನಿತ್ಯ, ಅಶರಣ, ಸಂಸಾರ ಎಂಬ ಗೊತ್ತಾದ ದಾರಿಯಲ್ಲಿ ಸುತ್ತಲಿ. ಬಂಧುವರ್ಮನ ‘ಜೀವಸಂಬೋಧನೆ’ ಇವುಗಳನ್ನೇ ವಸ್ತುವಾಗಿ ಪಡೆದ ಕನ್ನಡ ಕೃತಿ. ಸ್ನಾತಕೋತ್ತರ ವಿದ್ಯಾರ್ಥಿಗಳು ಅದನ್ನು ಹೆಸರಿನಲ್ಲಷ್ಟೇ ಬಲ್ಲರೆಂಬುದು ಬೇಸರದ ಸಂಗತಿ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಇಂದಿನ ವೈದ್ಯಶಾಸ್ತ್ರ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತದೆ. ಮಾತ್ರೆಗಿಂತ ಮೊದಲು ಆಲೋಚನೆಯ ಮತ್ತು ಅಭ್ಯಾಸಗಳ ತಿದ್ದುಪಡಿಯನ್ನು ಸೂಚಿಸುತ್ತದೆ. ಅಂಥ ಸ್ಥಿತಿಯವರು ವೈದ್ಯರ ಬಳಿಗೇ ಹೋಗಬೇಕು. ಕಾವ್ಯ ಅದಕ್ಕೆ ಬದಲಿಯಲ್ಲ.

ಯಶೋಧರನ ಆ ರಾತ್ರಿಗೆ ಇನ್ನೊಂದು ತುದಿಯಿದೆ. ಪ್ರಾಣಿಜನ್ಮಗಳೆಲ್ಲ ಮುಗಿದು ಅವನು ಅಭಯರುಚಿಯಾಗಿ, ಚಂದ್ರಮತಿ ಅಭಯಮತಿಯಾಗಿ, ಅಣ್ಣತಂಗಿಯರಾಗಿ ಹುಟ್ಟುತ್ತಾರೆ. ಬಲಿಗೆಂದು ತಂದು ನಿಲ್ಲಿಸಿದ ಮಾರಿಗುಡಿಯಲ್ಲಿ, ಅರಸ ಮಾರಿದತ್ತನೆದುರು, ಅಭಯರುಚಿ ತನ್ನ ಕಥೆಯನ್ನು ಹೇಳತೊಡಗುತ್ತಾನೆ. ಅಂದು ಬೆಳಿಗ್ಗೆ ತಾಯಿಗೆ ಹೇಳಲಾಗದೆ ಕನಸೆಂದು ಮರೆಮಾಚಿದ್ದು ಬಾಯಿಬಿಟ್ಟು ಬರುವುದು ಆಗ. ತಾಯಿಯಾಗಿದ್ದವಳು ಅಲ್ಲಿಯೇ ಪಕ್ಕದಲ್ಲಿ ನಿಂತಿದ್ದಾಳೆ.