ಬೆಳಕು ಹೊತ್ತ ಗಾಜಿನ ಎಳೆ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ರೈಲು ನಿಲ್ದಾಣವಿರುವ ಊರುಗಳು. 2000ರಲ್ಲಿ ರೈಲ್‌ಟೆಲ್ ಸ್ಥಾಪನೆಯಾದ ಮೇಲೆ ದೇಶದ ರೈಲು ಹಳಿಗಳ ಪಕ್ಕ ಆಪ್ಟಿಕಲ್ ಫೈಬರ್ ಹೂಳುವ ಕೆಲಸ ಭರದಿಂದ ನಡೆಯಿತು. ಹೀಗಾಗಿ ಫೈಬರ್ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಫೋನು, ಇಂಟರ್‌ನೆಟ್ ನೆನಪಾಗುತ್ತದೆ. ಇದೇ ಬಗೆಯ ಗಾಜಿನ ಎಳೆ ಜೀವಕೋಶಗಳನ್ನು ನೋಡುವ ಸೂಕ್ಷ್ಮದರ್ಶಕಕ್ಕೂ ಲೇಸರ್ ಬೆಳಕನ್ನು ಹೊತ್ತು ತರುತ್ತದೆ. ಈ ಚರಿತ್ರೆಯಲ್ಲಿ ಇಬ್ಬರು ಭಾರತೀಯರನ್ನು ನೆನೆಯಲೇಬೇಕು.

ಮೊದಲನೆಯವರು ಸರ್ ಸಿ.ವಿ. ರಾಮನ್. 1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದಾಗ ಅವರ ಬಳಿ ಇದ್ದದ್ದು ಬಿಸಿಲು ಮತ್ತು ಪಾದರಸದ ದೀಪ. ವಸ್ತುವಿನಿಂದ ಚದುರಿ ಬಣ್ಣ ಬದಲಿಸಿ ಬರುವ ಆ ಬೆಳಕು ಅತಿ ಕ್ಷೀಣ. ಫೋಟೋ ಪ್ಲೇಟಿನ ಮೇಲೆ ಅದನ್ನು ಹಿಡಿಯಲು ಗಂಟೆಗಟ್ಟಲೆ ಕಾಯಬೇಕಿತ್ತು. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆದರೆ ಈ ಕೆಲಸಕ್ಕೆ ತಕ್ಕ ಪ್ರಖರ ಬೆಳಕು ಹುಟ್ಟಿದ್ದು 1960ರಲ್ಲಿ, ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದಾಗ.

ಎರಡನೆಯವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಬೆಳಕು ನೇರವಾಗಿ ಮಾತ್ರ ಚಲಿಸುತ್ತದೆ ಎಂದು ಡೆಹ್ರಾಡೂನಿನಲ್ಲಿ ಮೇಷ್ಟ್ರು ಹೇಳಿದ್ದು ತಮಗೆ ಒಪ್ಪಿಗೆಯಾಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. (ಮೇಷ್ಟ್ರ ಮಾತನ್ನು ಒಪ್ಪದಿರುವುದೂ ಒಮ್ಮೊಮ್ಮೆ ಒಳ್ಳೆಯದೇ!) 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆಗೂಡಿ, ಬಾಗಿದ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. 2009ರಲ್ಲಿ ಫೈಬರ್ ಸಂಶೋಧನೆಗೆ ನೊಬೆಲ್ ಬಂದಾಗ ಅದು ಚಾರ್ಲ್ಸ್ ಕಾವೊ ಅವರಿಗೆ ಸಂದಿತು. ಕಾವೊ ಅರ್ಹರೇ, ಆದರೂ ಕಪಾನಿಯವರನ್ನು ಬಿಟ್ಟದ್ದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅವರು 2020ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು 2021ರಲ್ಲಿ.

ಇನ್ನು ಸೂಕ್ಷ್ಮದರ್ಶಕದ ಮಾತು. 1957ರಲ್ಲಿ ಮಾರ್ವಿನ್ ಮಿನ್‌ಸ್ಕಿ ಕನ್‌ಫೋಕಲ್ ಸೂಕ್ಷ್ಮದರ್ಶಕಕ್ಕೆ ಪೇಟೆಂಟ್ ಕೋರಿದರು. ಸೂಜಿರಂಧ್ರದಿಂದ ಬಂದ ಬೆಳಕನ್ನು ಒಂದೇ ಬಿಂದುವಿನ ಮೇಲೆ ಬೀಳಿಸಿ, ಬಿಂದುವಿನಿಂದ ಬಿಂದುವಿಗೆ ಸರಿಯುತ್ತಾ ಚಿತ್ರ ಕಟ್ಟುವ ವಿಧಾನವದು. ಲೇಸರ್ ಬಂದ ಮೇಲೆ ಇದಕ್ಕೆ ಜೀವ ಬಂತು. ಆದರೆ ಲೇಸರಿನ ಶಾಖ, ಅದರ ಫ್ಯಾನಿನ ಅದುರು ಸೂಕ್ಷ್ಮದರ್ಶಕಕ್ಕೆ ತಾಗಬಾರದು. ಲೇಸರನ್ನು ದೂರವಿಟ್ಟು ಒಂದೆರಡು ಮೀಟರ್ ಫೈಬರಿನಲ್ಲಿ ಬೆಳಕು ತಂದರೆ ಆ ಕಾಟವಿಲ್ಲ. ಇನ್ನೂ ಒಂದು ಲಾಭವುಂಟು: ಏಕವಿಧಾನದ ಫೈಬರ್ ಅಡ್ಡಾದಿಡ್ಡಿ ಬೆಳಕನ್ನು ಸೋಸಿಬಿಡುವುದರಿಂದ ಅದರ ತುದಿಯೇ ಮಿನ್‌ಸ್ಕಿಯ ಸೂಜಿರಂಧ್ರದ ಕೆಲಸ ಮಾಡುತ್ತದೆ.

ಕಷ್ಟವಿರುವುದು ಬೆಳಕನ್ನು ಎಳೆಯೊಳಗೆ ಹೊಗಿಸುವುದರಲ್ಲಿ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣುವ ಬೆಳಕಿಗೆ ಬಳಸುವ ಇಂಥ ಫೈಬರಿನ ತಿರುಳು 3-4 ಮೈಕ್ರಾನ್ ಮಾತ್ರ. ಮಸೂರ ಕೂದಲೆಳೆಯಷ್ಟು ಸರಿದರೂ ಬೆಳಕು ಹೊರಗೇ ಉಳಿಯುತ್ತದೆ. ಬರಿಗಣ್ಣಿಗೆ ಕಾಣದ ಧೂಳಿನ ಕಣವೂ ಆ ತಿರುಳನ್ನು ಪೂರ್ತಿ ಮುಚ್ಚಬಲ್ಲದು. ಆದ್ದರಿಂದ ಫೈಬರ್ ಜೋಡಿಸುವ ಮೊದಲು ಅದರ ತುದಿಯನ್ನು ಒರೆಸಿ ನೋಡಲೇಬೇಕು.