ಆ ದಿನ ಅವರು ಯಾರಾಗಿದ್ದರು? ಹಳೆಯ ಸೇನಾ ಪದಕಗಳು ಮತ್ತು ರ‍್ಯಾಂಕಿನ ತಿದ್ದುಪಡಿ

ಇವತ್ತಿನ ಮಾತು ಒಂದೇ ಒಂದು ಪದದ ಬಗ್ಗೆ. ಪದಕ ಪಡೆದ ಸೈನಿಕನ ಹೆಸರಿಗಿಂತ ಮೊದಲು ಬರುತ್ತಲ್ಲ, ಆ ಪದ. ಸಿಪಾಯಿ, ಲ್ಯಾನ್ಸ್ ನಾಯಕ್, ಹವಾಲ್ದಾರ್, ಸುಬೇದಾರ್, ಕ್ಯಾಪ್ಟನ್. ಹಳೆಯ ದಾಖಲೆಯಲ್ಲಿ ಈ ಪದ ತಪ್ಪಾಗಿದ್ದರೆ ತಿದ್ದಬೇಕು, ಸರಿ. ಆದರೆ ತಪ್ಪಾಗಿದೆ ಅಂತ ಹೇಳೋದು ಹೇಗೆ? ನಾವು ತಪ್ಪು ಅಂದುಕೊಂಡಿದ್ದೇ ಸರಿಯಾಗಿದ್ದರೆ?

ಒಂದು ಉದಾಹರಣೆ ನೋಡಿ. ಸಿಯಾಚಿನ್‌ನಲ್ಲಿ ಸುಮಾರು 21,000 ಅಡಿ ಎತ್ತರದಲ್ಲಿದ್ದ ಕಾಯಿದ್ ಪೋಸ್ಟನ್ನು 1987ರ ಜೂನ್ 26ರಂದು ಗೆದ್ದವರು ಬಾನಾ ಸಿಂಗ್. ಆ ಪೋಸ್ಟಿಗೆ ಈಗ ಅವರದೇ ಹೆಸರು. ಇವತ್ತು ಸಮಾರಂಭಗಳಲ್ಲಿ ಅವರನ್ನು ಕ್ಯಾಪ್ಟನ್ ಬಾನಾ ಸಿಂಗ್ ಅಂತ ಕರೀತಾರೆ. ಪರಮವೀರ ಚಕ್ರದ ದಾಖಲೆ ತೆಗೆದರೆ ನಾಯಬ್ ಸುಬೇದಾರ್ ಬಾನಾ ಸಿಂಗ್ ಅಂತ ಇದೆ. ಇದರಲ್ಲಿ ಯಾವುದು ತಪ್ಪು? ಎರಡೂ ತಪ್ಪಲ್ಲ. ಗೌರವ ಕ್ಯಾಪ್ಟನ್ ದರ್ಜೆ ಅವರಿಗೆ ಆಮೇಲೆ ಸಿಕ್ಕಿದ್ದು. ಆ ಹಿಮದ ಗೋಡೆ ಹತ್ತಿದ ದಿನ ಅವರು ನಾಯಬ್ ಸುಬೇದಾರ್.

ಪದಕದ ದಾಖಲೆಯಲ್ಲಿ ಇರಬೇಕಾದ್ದು ಆ ಸಾಹಸ ನಡೆದ ದಿನದ ರ‍್ಯಾಂಕ್. ನಿವೃತ್ತಿಯಾದಾಗಿನ ರ‍್ಯಾಂಕೂ ಅಲ್ಲ, ಊರಿನವರು ಪ್ರೀತಿಯಿಂದ ಕೊಟ್ಟ ರ‍್ಯಾಂಕೂ ಅಲ್ಲ. ನಮ್ಮ ಭಾಷೆಯಲ್ಲೇ ಹೇಳೋದಾದರೆ, ನೀವು ಟ್ರೈನಿಯಾಗಿದ್ದಾಗ ಮಾಡಿದ ಒಂದು ದೊಡ್ಡ ಕೆಲಸಕ್ಕೆ ಆಗ ಸಿಕ್ಕ ಸರ್ಟಿಫಿಕೇಟನ್ನು, ಇವತ್ತು ಡೈರೆಕ್ಟರ್ ಆಗಿದ್ದೀನಿ ಅಂತ ತಿದ್ದಿಸಿಕೊಳ್ತೀರಾ? ತಿದ್ದಿಸಿದರೆ ನಷ್ಟ ನಿಮಗೇ. ಟ್ರೈನಿಯಾಗಿದ್ದಾಗಲೇ ಅದನ್ನ ಮಾಡಿದಿರಿ ಅನ್ನೋ ವಿಷಯವೇ ಅಳಿಸಿಹೋಗತ್ತೆ.

ರ‍್ಯಾಂಕಿಗೆ ಇಷ್ಟು ಬೆಲೆ ಯಾಕೆ ಅನ್ನೋದಕ್ಕೆ ಸ್ವಲ್ಪ ಇತಿಹಾಸ ಬೇಕು.

ಬ್ರಿಟಿಷರ ಕಾಲದಲ್ಲಿ ಯಾವ ಪದಕ ಸಿಗಬೇಕು ಅನ್ನೋದನ್ನ ಧೈರ್ಯದ ಜೊತೆಗೆ ರ‍್ಯಾಂಕೂ ತೀರ್ಮಾನ ಮಾಡ್ತಿತ್ತು. ಮಿಲಿಟರಿ ಕ್ರಾಸ್ ಅನ್ನೋದು ಅಧಿಕಾರಿಗಳಿಗೆ. ಭಾರತೀಯ ಸೇನೆಯಲ್ಲಿ ಜಮಾದಾರ್, ಸುಬೇದಾರ್‌ಗಳಿಗೂ ಸಿಗ್ತಿತ್ತು. ಮಿಲಿಟರಿ ಮೆಡಲ್ ಅನ್ನೋದು ಸಿಪಾಯಿಯಿಂದ ಹವಾಲ್ದಾರ್‌ವರೆಗಿನವರಿಗೆ. ಒಂದೇ ಗುಡ್ಡ, ಒಂದೇ ಗುಂಡಿನ ಸುರಿಮಳೆ, ಪದಕ ಮಾತ್ರ ಬೇರೆ ಬೇರೆ. ವಿಕ್ಟೋರಿಯಾ ಕ್ರಾಸ್ ರ‍್ಯಾಂಕ್ ನೋಡ್ತಿರಲಿಲ್ಲ, ನಿಜ. ಆದರೆ 1911ರವರೆಗೆ ಭಾರತೀಯ ಸೈನಿಕರಿಗೆ ಅದು ಸಿಗುವ ಹಾಗೇ ಇರಲಿಲ್ಲ. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆಯಲ್ಲಿ ಹೋರಾಡಿ, ಆ ಪದಕ ಪಡೆದ ಮೊದಲ ಭಾರತೀಯ ಸೈನಿಕ ಅನ್ನಿಸಿಕೊಂಡವರು ಖುದಾದಾದ್ ಖಾನ್. ರ‍್ಯಾಂಕ್ ಸಿಪಾಯಿ. ಮುಂದೆ ಅವರು ಸುಬೇದಾರ್ ಆದರು. ಆದರೂ ದಾಖಲೆ ಅವರನ್ನ ಸಿಪಾಯಿ ಅಂತಲೇ ಇಟ್ಟುಕೊಂಡಿದೆ, ಅದೇ ಅದರ ದೊಡ್ಡತನ.

ಬ್ರಿಟಿಷರು ಮಿಲಿಟರಿ ಮೆಡಲ್ ನಿಲ್ಲಿಸಿ ಮಿಲಿಟರಿ ಕ್ರಾಸನ್ನು ಎಲ್ಲ ರ‍್ಯಾಂಕಿಗೂ ತೆರೆದದ್ದು 1993ರಲ್ಲಿ. ನಮ್ಮ ಗಣರಾಜ್ಯ ಹುಟ್ಟಿದ ದಿನವೇ, 1950ರ ಜನವರಿ 26ರಂದು, ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು ರ‍್ಯಾಂಕಿನ ಭೇದವಿಲ್ಲದೆ ಸ್ಥಾಪಿಸಿತು; 1947ರ ಆಗಸ್ಟ್ 15ರಿಂದಲೇ ಜಾರಿಗೆ ಬರುವ ಹಾಗೆ. ಇದುವರೆಗಿನ 21 ಪರಮವೀರ ಚಕ್ರಗಳಲ್ಲಿ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಇದ್ದಾರೆ, ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಕೂಡ ಇದ್ದಾರೆ. ದೆಹಲಿಯಲ್ಲಿರುವವರು ರಾಷ್ಟ್ರೀಯ ಯುದ್ಧ ಸ್ಮಾರಕದ ಪರಮ ಯೋಧ ಸ್ಥಳಕ್ಕೆ ಒಮ್ಮೆ ಹೋಗಿ ಬನ್ನಿ. 21 ಪ್ರತಿಮೆಗಳು ಒಂದೇ ಸಾಲಿನ ಗೌರವದಲ್ಲಿ ನಿಂತಿವೆ.

ಈ ಹಿನ್ನೆಲೆ ಗೊತ್ತಿದ್ದರೆ ದಾಖಲೆ ಪರೀಕ್ಷಿಸೋಕೆ ಒಂದು ಒಳ್ಳೆ ಸಾಧನ ಸಿಕ್ಕ ಹಾಗೆ. ಎರಡನೇ ಮಹಾಯುದ್ಧದ ಯಾವುದೋ ಪಟ್ಟಿಯಲ್ಲಿ ಹವಾಲ್ದಾರ್ ಇಂಥವರು, ಮಿಲಿಟರಿ ಕ್ರಾಸ್ ಅಂತ ಕಂಡರೆ ಅಲ್ಲೇ ನಿಲ್ಲಿ. ಒಂದೋ ರ‍್ಯಾಂಕ್ ತಪ್ಪು, ಇಲ್ಲವೋ ಪದಕ ತಪ್ಪು. ಆ ದಿನ ಅವರು ಜಮಾದಾರ್ ಆಗಿದ್ದಿರಬಹುದು, ಇಲ್ಲವೇ ಸಿಕ್ಕಿದ್ದು ಮಿಲಿಟರಿ ಮೆಡಲ್ ಆಗಿರಬಹುದು. ಅದೇ ಗೌರವ ಕ್ಯಾಪ್ಟನ್ ಒಬ್ಬರ ಎದೆಯ ಮೇಲೆ ಮಿಲಿಟರಿ ಮೆಡಲ್ ಕಂಡರೆ ಗಾಬರಿ ಬೇಡ. ಕರಮ್ ಸಿಂಗ್ ಅವರು 1944ರಲ್ಲಿ ಬರ್ಮಾ ರಣರಂಗದಲ್ಲಿ ಮಿಲಿಟರಿ ಮೆಡಲ್ ಗಳಿಸಿದರು. 1948ರ ಅಕ್ಟೋಬರ್ 13ರಂದು ತಿಥ್ವಾಲ್‌ನಲ್ಲಿ ಲ್ಯಾನ್ಸ್ ನಾಯಕ್ ಆಗಿ ಪರಮವೀರ ಚಕ್ರ. ನಿವೃತ್ತಿಯ ಹೊತ್ತಿಗೆ ಗೌರವ ಕ್ಯಾಪ್ಟನ್. ಹೆಸರಿನ ಹಿಂದೆ ಮುಂದೆ ಇರುವ ಎಲ್ಲವೂ ಸರಿಯಾಗಿಯೇ ಇದೆ, ಒಂದೊಂದಕ್ಕೂ ಒಂದೊಂದು ದಿನಾಂಕ ಅಷ್ಟೆ.

ಹಾಗಾದರೆ ನಿಜವಾದ ತಪ್ಪುಗಳು ಎಲ್ಲಿಂದ ಬರ್ತವೆ?

ಮೊದಲನೆಯದು, ಯುದ್ಧಕಾಲದ ರ‍್ಯಾಂಕಿನ ಗೊಂದಲ. ಯುದ್ಧದಲ್ಲಿ ಮೇಲಿನವರು ಸತ್ತರೆ, ಗಾಯಗೊಂಡರೆ ಕೆಳಗಿನವರು ಆ ಜಾಗಕ್ಕೆ ಬರಲೇಬೇಕು. ಹಾಗಾಗಿ ಒಬ್ಬ ಅಧಿಕಾರಿಗೆ ಖಾಯಂ ರ‍್ಯಾಂಕ್ ಒಂದು, ತಾತ್ಕಾಲಿಕ ರ‍್ಯಾಂಕ್ ಇನ್ನೊಂದು, ಪ್ರಭಾರ ರ‍್ಯಾಂಕ್ ಮತ್ತೊಂದು. ಆಗಿನ ಲಂಡನ್ ಗೆಜೆಟ್‌ನಲ್ಲಿ ಮೇಜರ್ ಅಂತ ಬರೆದು, ಪಕ್ಕದಲ್ಲೇ ಕಂಸದೊಳಗೆ ತಾತ್ಕಾಲಿಕ ಲೆಫ್ಟಿನೆಂಟ್ ಕರ್ನಲ್ ಅಂತ ಹಾಕ್ತಿದ್ದರು. ನಕಲು ಮಾಡುವವನು ಕಂಸ ಬಿಟ್ಟರೆ ಮುಗೀತು, ಬೆಟಾಲಿಯನ್ ನಡೆಸಿದವರು ಕಾಗದದ ಮೇಲೆ ಮೇಜರ್ ಆಗಿಬಿಡ್ತಾರೆ. 1945ರಲ್ಲಿ ಬರ್ಮಾದ ಕಾಂಗಾವ್ ಕದನದಲ್ಲಿ ಮೂವರು ಭಾರತೀಯ ಬೆಟಾಲಿಯನ್ ಕಮಾಂಡರ್‌ಗಳಿಗೆ ಡಿಎಸ್‌ಒ ಬಂತು: ನಮ್ಮ ಕೊಡಗಿನ ತಿಮ್ಮಯ್ಯ, ಜೊತೆಗೆ ಥೋರಟ್ ಮತ್ತು ಸೇನ್. ಜನರಲ್ ತಿಮ್ಮಯ್ಯ ಕಾಂಗಾವ್‌ನಲ್ಲಿ ಡಿಎಸ್‌ಒ ಪಡೆದರು ಅಂತ ಬರೆದರೆ ಮಾತಿಗೆ ಸರಿ, ದಾಖಲೆಗೆ ಅಲ್ಲ. ಅವರು ಸೇನಾ ಮುಖ್ಯಸ್ಥರಾದದ್ದು 1957ರಲ್ಲಿ.

ಎರಡನೆಯದು, ಪದಗಳೇ ಅರ್ಥ ಬದಲಾಯಿಸಿದ್ದು. ಇದು ಕನ್ನಡಿಗರಿಗೆ ತುಂಬಾ ಹತ್ತಿರದ ವಿಷಯ. ನಮ್ಮೂರಲ್ಲಿ ದಫೇದಾರ್ ಅಂದರೆ ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಲ್ಲುವವರು. ಜಮಾದಾರ್ ಅಂದರೆ ಕಚೇರಿಯ ಹಿರಿಯ ಜವಾನ. ಉತ್ತರದ ಕಡೆ ಹೋದರೆ ಕಸ ಗುಡಿಸುವವರಿಗೂ ಅದೇ ಪದ. ಸುಬೇದಾರ್ ಅಂದರೆ ಮೆಜೆಸ್ಟಿಕ್ ಹತ್ತಿರದ ಸುಬೇದಾರ್ ಛತ್ರಂ ರಸ್ತೆಯೇ ಮೊದಲು ನೆನಪಾಗೋದು. ಆದರೆ ಅಶ್ವದಳದಲ್ಲಿ ದಫೇದಾರ್ ಅಂದರೆ ಕಾಲಾಳು ಪಡೆಯ ಹವಾಲ್ದಾರ್‌ಗೆ ಸಮ. ಸವಾರ ಅಂದರೆ ಸಿಪಾಯಿಗೆ ಸಮ, ರಿಸಾಲ್ದಾರ್ ಅಂದರೆ ಸುಬೇದಾರ್‌ಗೆ ಸಮ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಅಶ್ವದಳ. ದೆಹಲಿಯ ತೀನ್ ಮೂರ್ತಿ ಸ್ಮಾರಕ ಇರೋದು ಅವರಿಗೂ, ಜೋಧಪುರ ಮತ್ತು ಹೈದರಾಬಾದ್ ಲ್ಯಾನ್ಸರ್ಸ್‌ಗೂ ಸೇರಿ. ಆ ದಳದಲ್ಲಿದ್ದ ಮುತ್ತಜ್ಜನ ಕಾಗದದಲ್ಲಿ ದಫೇದಾರ್ ಅಂತ ಇದ್ದರೆ, ಪಾಪ ಬಾಗಿಲು ಕಾಯ್ತಿದ್ದರು ಅಂದುಕೊಂಡು ಮರ್ಯಾದೆಗೆ ಅಂತ ಬೇರೆ ಪದ ಹಾಕಬೇಡಿ. ಇನ್ನು ಜಮಾದಾರ್ ಅನ್ನೋ ದರ್ಜೆ ಭಾರತೀಯ ಸೇನೆಯಲ್ಲಿ 1965ರವರೆಗೂ ಇತ್ತು. ಈಗ ಅದರ ಹೆಸರು ನಾಯಬ್ ಸುಬೇದಾರ್. 1944ರ ದಾಖಲೆಯಲ್ಲಿ ಜಮಾದಾರ್ ಅಂತ ಇರೋದೇ ಸರಿ, ಅದನ್ನು ನಾಯಬ್ ಸುಬೇದಾರ್ ಅಂತ ತಿದ್ದಿದರೆ ಅದು ಹೊಸ ತಪ್ಪು.

ರ‍್ಯಾಂಕ್ ಹಾಗಿರಲಿ, ದಳದ ಹೆಸರೂ ಹೀಗೇ ಮೋಸ ಮಾಡತ್ತೆ. ತಿಮ್ಮಯ್ಯನವರು ನಡೆಸಿದ ಬೆಟಾಲಿಯನ್ 19ನೇ ಹೈದರಾಬಾದ್ ರೆಜಿಮೆಂಟ್‌ಗೆ ಸೇರಿದ್ದು. ಅದೇ ರೆಜಿಮೆಂಟ್ 1945ರ ಅಕ್ಟೋಬರ್‌ನಲ್ಲಿ ಕುಮಾವೂಂ ರೆಜಿಮೆಂಟ್ ಆಯ್ತು. ಹೈದರಾಬಾದ್‌ನಲ್ಲಿ ಕೂತು ಹುಡುಕಿದರೆ ಏನೂ ಸಿಗಲ್ಲ.

ಮೂರನೆಯದು, ಬರೆದುಕೊಂಡವರ ಕೈ. ಗಂಜು ಲಾಮಾ ಅವರ ಕಥೆ ಕೇಳಿ. ಸಿಕ್ಕಿಂನ ಈ ಹುಡುಗನ ನಿಜವಾದ ಹೆಸರು ಗ್ಯಾಮ್ಟ್ಸೊ. ಭರ್ತಿ ಕಚೇರಿಯ ಗುಮಾಸ್ತರು ಕೇಳಿಸಿಕೊಂಡಿದ್ದು ಗಂಜು. ಆ ಹೆಸರಲ್ಲೇ 1944ರಲ್ಲಿ ರೈಫಲ್‌ಮನ್ ಗಂಜು ಲಾಮಾಗೆ ಮಿಲಿಟರಿ ಮೆಡಲ್ ಬಂತು, ವಿಕ್ಟೋರಿಯಾ ಕ್ರಾಸೂ ಬಂತು. ಜಗತ್ತಿಗೆಲ್ಲ ಅವರು ಗಂಜು ಲಾಮಾ ಆಗಿಯೇ ಉಳಿದರು. ಒಬ್ಬ ಗುಮಾಸ್ತರ ಕಿವಿ ಒಬ್ಬ ಮನುಷ್ಯನ ಇಡೀ ಜೀವನದ ಹೆಸರನ್ನೇ ಬದಲಿಸಬಹುದಾದರೆ, ಹೆಸರಿನ ಮುಂಚಿನ ಎರಡು ಅಕ್ಷರದ ಸಂಕ್ಷೇಪ ಯಾವ ಲೆಕ್ಕ?

ಇದಕ್ಕಿಂತ ದೊಡ್ಡ ತಪ್ಪುಗಳೂ ಆಗಿವೆ, ತಿದ್ದಿದ್ದೂ ಇದೆ. 1962ರಲ್ಲಿ ಪ್ಯಾಂಗಾಂಗ್ ಸರೋವರದ ದಂಡೆಯ ಸಿರಿಜಾಪ್‌ನಲ್ಲಿ ಹೋರಾಡಿದ ಮೇಜರ್ ಧನ್ ಸಿಂಗ್ ಥಾಪಾ ಸತ್ತರು ಅಂತಲೇ ಸೇನೆ ನಂಬಿತ್ತು. ಪರಮವೀರ ಚಕ್ರವನ್ನು ಮರಣೋತ್ತರ ಅಂತಲೇ ಘೋಷಿಸಿದರು. ಆಮೇಲೆ ನೋಡಿದರೆ ಅವರು ಚೀನೀಯರ ಕೈಯಲ್ಲಿ ಯುದ್ಧಕೈದಿ. ಜೀವಂತ ವಾಪಸ್ ಬಂದರು. 1999ರಲ್ಲಿ ಟೈಗರ್ ಹಿಲ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೂ ಮೊದಲು ಹೀಗೇ ಮರಣೋತ್ತರ ಅಂತ ಘೋಷಣೆಯಾಯ್ತು. 19 ವರ್ಷದ ಹುಡುಗ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ತಿದ್ದ. ಸತ್ತಿದ್ದು ಅದೇ ಹೆಸರಿನ ಇನ್ನೊಬ್ಬ ಸೈನಿಕ. ಹೆಸರು, ರ‍್ಯಾಂಕು ಎರಡನ್ನೇ ನಂಬಿದರೆ ಏನಾಗತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸೈನಿಕನ ಸೇವಾ ಸಂಖ್ಯೆಯೇ ಆಧಾರ. ನಮ್ಮಲ್ಲಿ ಎಂಪ್ಲಾಯಿ ಐಡಿ ಇದ್ದ ಹಾಗೆ: ಹೆಸರು ಇಬ್ಬರಿಗೆ ಒಂದೇ ಇರಬಹುದು, ನಂಬರ್ ಇರಲ್ಲ.

ಈಗ ತಿದ್ದುವ ಕ್ರಮಕ್ಕೆ ಬರೋಣ. ಗೆಜೆಟ್‌ನಲ್ಲಿ ಒಮ್ಮೆ ಅಚ್ಚಾದದ್ದನ್ನು ಯಾರೂ ಅಳಿಸಲ್ಲ. ಇನ್ನೊಂದು ಗೆಜೆಟ್‌ನಲ್ಲಿ, ಇಂಥ ದಿನದ ಇಂಥ ಅಧಿಸೂಚನೆಯಲ್ಲಿ ಹೀಗೆ ಇರುವುದನ್ನು ಹೀಗೆ ಓದಿಕೊಳ್ಳತಕ್ಕದ್ದು ಅಂತ ಪ್ರಕಟಿಸ್ತಾರೆ. ನಮ್ಮ ಸರ್ಕಾರಿ ಕನ್ನಡದಲ್ಲಿ ಇದಕ್ಕೆ ತಿದ್ದೋಲೆ ಅನ್ನೋ ಚೆಂದದ ಪದ ಇದೆ. ಹಳೆಯ ಕಮಿಟ್ ಹಾಗೇ ಇರತ್ತೆ, ಮೇಲೊಂದು ಹೊಸ ಕಮಿಟ್ ಬೀಳತ್ತೆ. ಯಾರು, ಯಾವಾಗ, ಏನು ಬದಲಾಯಿಸಿದರು ಅನ್ನೋದು ಮುಂದಿನವರಿಗೂ ಕಾಣತ್ತೆ.

ಇದೆಲ್ಲ ಬರೀ ಹಳೇ ಕಾಗದದ ಜಗಳ ಅಂದುಕೊಳ್ಳಬೇಡಿ. ಒಂದು ರ‍್ಯಾಂಕ್ ಒಂದು ಪಿಂಚಣಿ ಯೋಜನೆಯಲ್ಲಿ ಲೆಕ್ಕ ಹಾಕೋದು ಎರಡನ್ನು ನೋಡಿ: ಯಾವ ರ‍್ಯಾಂಕು, ಎಷ್ಟು ವರ್ಷ ಸೇವೆ. ಹವಾಲ್ದಾರ್ ಆಗಿ ನಿವೃತ್ತರಾಗಿ ಗೌರವ ನಾಯಬ್ ಸುಬೇದಾರ್ ದರ್ಜೆ ಪಡೆದವರ ಪಿಂಚಣಿಯ ಪ್ರಶ್ನೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯವರೆಗೂ ಹೋಗಿದೆ. ಪದಕದ ದಾಖಲೆ ಬೇರೆ, ಪಿಂಚಣಿಯ ದಾಖಲೆ ಬೇರೆ. ಒಂದರಲ್ಲಿ ಆ ದಿನದ ರ‍್ಯಾಂಕ್, ಇನ್ನೊಂದರಲ್ಲಿ ನಿವೃತ್ತಿಯ ರ‍್ಯಾಂಕ್. ಎರಡೂ ಒಂದೇ ಇರಬೇಕು ಅಂತ ಹಟ ಹಿಡಿದು ಅರ್ಜಿ ಹಾಕಿದರೆ ಅರ್ಜಿಯೇ ದಾರಿ ತಪ್ಪತ್ತೆ. ಊರಲ್ಲಿ ಒಬ್ಬರೇ ಇರುವ ಅಜ್ಜಿಗೆ ತಿಂಗಳು ತಿಂಗಳು ಬರುವ ಹಣದ ವಿಷಯ ಇದು.

ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ನಿಮ್ಮಲ್ಲಿ ಹಲವರ ಮನೆಯಲ್ಲಿ, ಕೊಡಗಿನಲ್ಲಿ, ಬೆಳಗಾವಿಯಲ್ಲಿ, ಹಾಸನದಲ್ಲಿ, ಟ್ರಂಕಿನೊಳಗೆ ಒಂದು ಪದಕ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಅದನ್ನ ತೆಗೆದು ನೋಡಿ. ಪಾಲಿಶ್ ಹಾಕಿ ಉಜ್ಜಬೇಡಿ. ಅಂಚಿನಲ್ಲಿ ಕೊರೆದ ಅಕ್ಷರ ಅಳಿಸಿಹೋಗತ್ತೆ, ಅಲ್ಲೇ ಸಂಖ್ಯೆ, ರ‍್ಯಾಂಕ್, ಹೆಸರು, ದಳ ಇರೋದು. ಅದರ ಫೋಟೋ ತೆಗೆಯಿರಿ, ಬಿಡುಗಡೆ ಪುಸ್ತಕದ ಫೋಟೋ ತೆಗೆಯಿರಿ. ಸಂಖ್ಯೆ ಎರಡರಲ್ಲೂ ಒಂದೇ ಇದೆಯಾ ನೋಡಿ. ರ‍್ಯಾಂಕ್ ಬೇರೆ ಬೇರೆ ಕಂಡರೆ, ಒಂದೊಂದರ ಪಕ್ಕದಲ್ಲಿ ದಿನಾಂಕ ಬರೆದುಕೊಳ್ಳಿ. ಎಷ್ಟೋ ಸಲ ತಪ್ಪು ಅಲ್ಲೇ ಕರಗಿಹೋಗತ್ತೆ, ಅದು ಬಡ್ತಿ ಅಷ್ಟೇ ಆಗಿರತ್ತೆ. ಆಮೇಲೂ ಹೊಂದಲಿಲ್ಲ ಅಂದರೆ ಆ ದಳದ ದಾಖಲೆ ಕಚೇರಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್‌ಗೆ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು. ಕಾಗದಗಳ ಪ್ರತಿ ಲಗತ್ತಿಸಿ, ಮೂಲ ಯಾರಿಗೂ ಕೊಡಬೇಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರನ್ನೂ ಕೇಳಿ.

ಕೊನೆಗೆ ಸಿಗುವ ಉತ್ತರ ನೀವು ಅಂದುಕೊಂಡಿದ್ದಕ್ಕಿಂತ ಕೆಳಗಿನ ರ‍್ಯಾಂಕೇ ಆಗಿದ್ದರೆ ಬೇಸರ ಮಾಡ್ಕೋಬೇಡಿ. ಮನೆಯವರು ಸುಬೇದಾರ್ ಅಂತ ಹೇಳ್ತಿದ್ದ ತಾತ ಆ ದಿನ ಸಿಪಾಯಿಯಾಗಿದ್ದರೆ, ಅವರ ಹಿಂದೆ ಅಧಿಕಾರ ಇರಲಿಲ್ಲ, ಆಜ್ಞೆ ಕೊಡೋಕೆ ಕೆಳಗೆ ಯಾರೂ ಇರಲಿಲ್ಲ. ಆದರೂ ಅವರು ಮುಂದೆ ಹೋದರು. ಗೋಡೆಯ ಮೇಲಿನ ಫೋಟೋಗೆ ಸುಬೇದಾರ್ ಅಂತಲೇ ಬರೆಸಿ, ಅದು ಅವರು ದುಡಿದು ಪಡೆದದ್ದು. ಪದಕದ ಕೆಳಗೆ ಮಾತ್ರ ಸಿಪಾಯಿ ಅಂತಲೇ ಇರಲಿ.