ಮಾನ್ಯಖೇಟದ ಸೂತ್ರ, ಇಂದಿನ ಯಂತ್ರ

ರಾಯಚೂರು ಸೀಮೆಯ ಕಲ್ಲೂರಿನಿಂದ ಉತ್ತರಕ್ಕೆ ಹೋದರೆ, ಕಾಗಿಣಾ ನದಿಯ ದಡದಲ್ಲಿ ಮಳಖೇಡವೆಂಬ ಊರು ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇದು. ಇಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಪಂಡಿತನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಬಡ್ಡಿ, ಭಿನ್ನರಾಶಿ, ಕ್ಷೇತ್ರಫಲ, ಸಮೀಕರಣ—ಎಲ್ಲಕ್ಕೂ ಪದ್ಯರೂಪದ ಸೂತ್ರ. ಬಾಯಿಪಾಠ ಮಾಡಿದವನಿಗೆ ಲೆಕ್ಕದ ಭಂಡಾರವೇ ನಾಲಗೆಯ ಮೇಲೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಇಂಥ ವಿದ್ಯೆಯನ್ನು ಕನ್ನಡಕ್ಕೆ ತಂದನು. ಮಹಾವೀರನ ಗ್ರಂಥವು ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಇಂದು ಸೂತ್ರಗಳು ಗಣಕಯಂತ್ರದೊಳಗೆ ಸೇರಿವೆ. ಅಂಕಿಗಳನ್ನಷ್ಟೇ ಅಲ್ಲ, ಅಕ್ಷರಗಳಿರುವ ಬೀಜಗಣಿತವನ್ನೂ ಬಿಡಿಸುವ ಒಂದು ತಂತ್ರಾಂಶದ ಕೆಲಸ 1968ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಮೊದಲಾಯಿತು. ಅದರ ವಂಶಕ್ಕೆ ಸೇರಿದ ‘ಮ್ಯಾಕ್ಸಿಮಾ’ ಈಗ ಅಂತರಜಾಲದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ.

ಋಣ ನಾಲ್ಕರ ವರ್ಗಮೂಲವೇನೆಂದು ಅದನ್ನು ಕೇಳಿದರೆ, ಕಾಲ್ಪನಿಕ ಸಂಖ್ಯೆಯೊಂದನ್ನು ಥಟ್ಟನೆ ಮುಂದಿಡುತ್ತದೆ. ಮಹಾವೀರನಾದರೋ, ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದಿದ್ದಾನೆ. ಯಾವುದು ಸರಿ? ಎರಡೂ ಸರಿಯೇ. ನಾವು ದಿನವೂ ಬಳಸುವ ಧನ-ಋಣ ಸಂಖ್ಯೆಗಳಲ್ಲಿ ಆಚಾರ್ಯನ ಮಾತು ಇಂದಿಗೂ ನಿಲ್ಲುತ್ತದೆ. 1572ರಲ್ಲಿ ಇಟಲಿಯ ಬೊಂಬೆಲ್ಲಿ ನಿಯಮ ಕಟ್ಟಿಕೊಟ್ಟ ಹೊಸ ಸಂಖ್ಯೆಗಳಲ್ಲಿ ಯಂತ್ರದ ಉತ್ತರ ಸಲ್ಲುತ್ತದೆ. ಆದರೆ ಆಚಾರ್ಯನು ಕಾರಣವನ್ನೂ ಹೇಳಿದನು. ಯಂತ್ರವು ಉತ್ತರವನ್ನಷ್ಟೇ ಕೊಟ್ಟಿತು.

ನಮ್ಮ ಮಕ್ಕಳು ಯಂತ್ರವನ್ನು ಧಾರಾಳವಾಗಿ ಬಳಸಲಿ. ‘ಏಕೆ?’ ಎಂದು ಕೇಳುವ ಕೆಲಸವನ್ನು ಮಾತ್ರ ತಮ್ಮಲ್ಲಿಯೇ ಉಳಿಸಿಕೊಳ್ಳಲಿ.